ಡಿಮ್ಯಾಂಡ್ ರಜಿಸ್ಟರು

ಕೋಡಿಬಾಗವನ್ನು ಮೊದಲಿಂದ ಕೊನೆತನಕ ಓದಿದ್ದು
ಗೆದ್ದಲು ಒಂದೇ.
ಕೆಂಪು ಬಟ್ಟೆಯ ರಜಿಸ್ಟರನ್ನು ಎಡಗಡೆಯಿಂದ ತಿನ್ನುತ್ತ ಬಂದು
ಮೊತ್ತದ ಕಾಲಮ್ಮಿನ ಹತ್ತಿರ, ಯಾಕೋ, ಬಿಟ್ಟುಬಿಟ್ಟಿದೆ.
ಉಳಿದದ್ದನ್ನು ಓದಿದವಳು ನಾನು:
ಮೂವತ್ತೊಂದು ವರ್ಷ, ಕಾರವಾರ, ಮನೆ ತೆರಿಗೆ ವಿಭಾಗ,
ಕಿಟಕಿ ಪಕ್ಕದ ಮೇಜು.

ಮೊದಲ ಪುಟ ಬಲಕ್ಕೆ ವಾಲಿದ ಇಂಗ್ಲಿಷು.
ಶಾಯಿ ಈಗ ತುಕ್ಕಿನ ಬಣ್ಣ.
ಸಾಹೇಬ ಹೊಳೆಬಾಯಿಗೆ ಬಂದು
ಬೂಟಿನ ಮರಳು ಕೊಡವಿ ಬರೆದ:
ತೆಂಗು ಹದಿನೇಳು. ಮರಳು. ಮನೆ, ಸೊನ್ನೆ.
ಅದೇ ದಿನ ಅಲ್ಲಿ ಹಗ್ಗದ ಮೇಲೆ ಮೀನು ಒಣಗುತ್ತಿತ್ತು.
ಯಾರೋ ಒಣಹಾಕಿದ್ದರಲ್ಲ?
ಮಡಲು ನೇಯ್ದ ತಟ್ಟಿ ಅವನ ಲೆಕ್ಕದಲ್ಲಿ ಗೋಡೆಯಲ್ಲ,
ಗೋಡೆ ಇಲ್ಲದ್ದು ಮನೆಯಲ್ಲ,
ಮನೆ ಇಲ್ಲದವರೇ ಅವನನ್ನು
ದೋಣಿಯಿಂದ ಹೆಗಲ ಮೇಲೆ ಇಳಿಸಿಕೊಂಡವರು.
ಅದಕ್ಕೂ ಮೊದಲು ಕಡವಾಡದಲ್ಲಿ ಮೆಣಸು ತೂಗಿದವರಿದ್ದರು.
ಆ ತಕ್ಕಡಿ ನನ್ನ ವಿಭಾಗಕ್ಕೆ ಬರುವುದಿಲ್ಲ.

ಆಮೇಲೆ ಒಂದು ದಿನ ಜಿಲ್ಲೆ
ಮದ್ರಾಸು ಬಿಟ್ಟು ಮುಂಬಯಿಗೆ ಹೋಯಿತು.
ನಾವು ಇದ್ದಲ್ಲೇ ಇದ್ದೆವು.
ಕಚೇರಿ ಬಂತು, ಜೈಲು ಬಂತು, ನಡುಗಡ್ಡೆಗೆ ದೀಪ ಬಂತು,
ಘಟ್ಟ ಇಳಿದು ಹತ್ತಿ ಬರುತ್ತದೆಂದು ಗೋದಾಮು ಬಂತು.
ರೈಲು ಮಾತ್ರ ಗೋವೆಯ ಕಡೆ ತಿರುಗಿತು.
ಗೋದಾಮಿಗೆ ಬಾವಲಿ ಬಂತು.
ಗುಡ್ಡದ ಬಂಗಲೆ ಸಾಹೇಬರಿಗೆ, ಕೋಡಿಬಾಗ ಅವರ ಆಳುಗಳಿಗೆ:
ಹದಿನಾಲ್ಕು, ಕಾಳಪ್ಪ ಮೇಸ್ತ, ಬಡಗಿ.
ಇಪ್ಪತ್ತೆರಡು, ಇನಾಸ ಫರ್ನಾಂಡಿಸ್, ಬಟ್ಲರ್.
ಇಪ್ಪತ್ತಮೂರು, ಅವನೊಡನೆ ಮಾತು ಬಿಟ್ಟ ತಮ್ಮ;
ಗೋಡೆ ಒಂದೇ, ತೆರಿಗೆ ಎರಡು.
ಮೂವತ್ತೊಂದು, ಹೆಸರಿಲ್ಲ.
‘ತಾರಿಯವ’ ಅಂತಷ್ಟೇ.

ಆ ಹೆಸರಿಲ್ಲದವನ ಮೊಮ್ಮಗ ರೋಹಿದಾಸ.
ಕಾಳಿ ದಾಟಿಸಿದ: ದಿಬ್ಬಣ, ಬಾಳಂತಿ, ಮತಪೆಟ್ಟಿಗೆ,
ಒಮ್ಮೆ ಮೂರು ಎಮ್ಮೆ, ಒಬ್ಬ ತಹಶೀಲ್ದಾರ, ಒಂದೇ ಖೇಪಿಗೆ.
ಸೇತುವೆ ಉದ್ಘಾಟನೆಗೆ ಅವನಿಗೂ ಪೇಡೆ ಕೊಟ್ಟರಂತೆ.
ತಿಂದ.
ಬಾಕಿ ಶುರುವಾಗುವುದು ಆ ವರ್ಷದಿಂದ.

ನಾನು ಹೋಗುವ ಹೊತ್ತಿಗೆ ಅವನು ಗೋಡೆಯ ಮೇಲಿದ್ದ.
ಹೆಂಡತಿ ಸುಭದ್ರೆ ಒಣಸಿಗಡಿ ಆರಿಸುತ್ತ, ಏಳದೆ,
‘ಬಾ ಬಾಯಿ, ಚಾ ಕುಡಿ. ದುಡ್ಡು ಕೇಳಬೇಡ.’
ಕುಡಿದೆ.
ಅವಳದೇ ಮಣೆಯ ಮೇಲೆ ಕೂತು, ಅವಳ ಹೊಸ್ತಿಲೊಳಗೆ,
ಷರಾ ಬರೆದೆ: ‘ಮನೆಗೆ ಬೀಗ.’
ಮರುವರ್ಷ, ಬೀಗ.
ಹನ್ನೊಂದು ವರ್ಷಕ್ಕೆ ಹನ್ನೊಂದು ಬೀಗ;
ಆ ಬಾಗಿಲಿಗೆ ಚಿಲಕವೂ ನೆಟ್ಟಗಿರಲಿಲ್ಲ.

ನೌಕಾನೆಲೆಗೆ ಊರು ಬಿಟ್ಟವರು
ಬಾಗಿಲ ಚೌಕಟ್ಟು ಹೊತ್ತು ಬಂದರು.
ಬಾಡಿಗೆ ಕೋಣೆಗೆ ಅಷ್ಟು ದೊಡ್ಡದು ಕೂರಲಿಲ್ಲ.
ಪುಟ ಸಾಲದೆ ಹಾಳೆ ಅಂಟಿಸಿದೆ, ಮೈದಾ ಅಂಟು.
ಗೆದ್ದಲಿಗೆ ಮೊದಲು ರುಚಿಸಿದ್ದು ಅದೇ.

ಕಂಪ್ಯೂಟರು ಬಂತು. ಹುಬ್ಬಳ್ಳಿಯ ಹುಡುಗ,
ಮೂವತ್ತೊಂದರ ಮೇಲೆ ಬೆರಳಿಟ್ಟು,
‘ಮೇಡಂ, ಇಷ್ಟ್ ವರ್ಷ ಬೀಗ ಅಂದ್ರ ಮನೀ ಇಲ್ಲಂತ ಅಲ್ರಿ?
ಸೊನ್ನಿ ಹೊಡೀಲೇನ್ರಿ?’

ಬೂಟಿನಿಂದ ಮರಳು ಕೊಡವಿದ ಸದ್ದು.

ಬಾಕಿ ನಾನೇ ಕಟ್ಟಿದೆ, ದಂಡದ ಸಮೇತ.
ರಸೀದಿಯಲ್ಲಿ ಪೂರ್ತಿ ಹೆಸರು: ಸುಭದ್ರಾ ರೋಹಿದಾಸ ಬಾನಾವಳಿ.
ಅವಳು ಓದಿಸಿ ಕೇಳಿದಳು, ಮಡಚಿದಳು, ಬಯ್ದಳು:
‘ಬೀಗ ಹಾಗೇ ಇರಲಿ ಅಂತ ಬಿಡಬಾರದಿತ್ತೆ?
ಇನ್ನು ವರ್ಷ ವರ್ಷ ನಾನು ಮನೆಯಲ್ಲಿರಬೇಕಲ್ಲ.’

ನನಗೆ ಪಿಂಚಣಿ ಶುರುವಾದ ಮೇಲೆ, ಒಂದು ನಡುರಾತ್ರಿ
ಹಳೆಯ ಸೇತುವೆ ಕಾಳಿಗೆ ಬಿತ್ತು.
ಸುಭದ್ರೆ ಎದ್ದು ಕೂತಳಂತೆ, ದೀಪ ಹಾಕದೆ,
ಗೋಡೆಯ ಕಡೆ ತಿರುಗಿ, ‘ಕೇಳಿಸಿತಾ?’

ನೀರಿಗೆ ಬಿದ್ದ ಲಾರಿಯವನನ್ನು
ದೋಣಿಯವರು ದಡಕ್ಕೆ ತಂದರು.
ತಾರಿ ದುಡ್ಡು ಯಾರೂ ಕೇಳಲಿಲ್ಲ.